ಚಕ್ರದ ಮೇಲಿನ ಮನೆಗೂ ಬೇಕು ವಿದ್ಯುತ್ತಿನ ಜಮಾಖರ್ಚು

ಕೊಯಮತ್ತೂರಿನ ಗಾಂಧಿಪುರವನ್ನು ಬಿಟ್ಟು ಸತ್ಯಮಂಗಲದ ಕಡೆಗೆ ಹೊರಟ ವಾಹನವು ಹಾದುಹೋಗುವ ಮೊದಲ ದೊಡ್ಡ ಬಡಾವಣೆ ಗಣಪತಿ. ಅಲ್ಲಿಂದ ಸರವಣಂಪಟ್ಟಿ, ಅನ್ನೂರು, ಪುಳಿಯಂಪಟ್ಟಿಗಳನ್ನು ದಾಟಿ ಸತ್ಯಮಂಗಲ. ಅದರಾಚೆ ಬಣ್ಣಾರಿ ಅಮ್ಮನ ಗುಡಿ. ಬಳಿಕ 27 ತಿರುವುಗಳ ದಿಂಬಂ ಘಟ್ಟ. ಘಟ್ಟವೇರಿದರೆ ಹಾಸನೂರು, ಮುಂದೆ ಚಾಮರಾಜನಗರ. ಇಂದು 948ನೆಯ ರಾಷ್ಟ್ರೀಯ ಹೆದ್ದಾರಿ ಎನಿಸಿಕೊಂಡಿರುವ ಈ ದಾರಿ ಕೊಯಮತ್ತೂರು ಸೀಮೆಯ ಕನ್ನಡ ಕುಟುಂಬಗಳಿಗೆ ಬರಿಯ ರಸ್ತೆಯಲ್ಲ, ತವರಿನ ದಾರಿ. ಮಲೆ ಮಹದೇಶ್ವರನ ಬೆಟ್ಟಕ್ಕೆ ಹರಕೆ ತೀರಿಸಲು ಹೋಗುವವರು, ನಂಜನಗೂಡಿನ ನಂಟರ ಮನೆಯ ಮದುವೆಗೆ ಹೊರಟವರು, ತಾಳವಾಡಿಯ ಹಳ್ಳಿಗಳಿಂದ ಈ ಕಡೆಗೆ ದುಡಿಯಲು ಬಂದವರು ಎಲ್ಲರೂ ಈ ದಾರಿಯನ್ನೇ ತುಳಿಯುತ್ತಾರೆ.

ಆದರೆ ಈ ದಾರಿಗೆ ರಾತ್ರಿಯಲ್ಲಿ ಬಾಗಿಲು ಉಂಟು. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ವನ್ಯಜೀವಿಗಳು ವಾಹನಗಳಿಗೆ ಸಿಕ್ಕಿ ಸಾಯುವುದನ್ನು ತಡೆಯಲು ವಿಧಿಸಿದ್ದ ರಾತ್ರಿ ಸಂಚಾರದ ನಿರ್ಬಂಧವನ್ನು ಕಾರ್ಯಗತಗೊಳಿಸುವಂತೆ ಮದ್ರಾಸ್ ಉಚ್ಚ ನ್ಯಾಯಾಲಯವು 2022ರಲ್ಲಿ ಆದೇಶಿಸಿತು. ಉದಕಮಂಡಲದ ಮೇಲಿಂದ ಹೋಗುವ ಇನ್ನೊಂದು ದಾರಿಯಲ್ಲಿಯೂ ಹಾಗೆಯೇ. ಬಂಡೀಪುರದ ಅರಣ್ಯದಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಗಳಿಗೆ ನಿಷೇಧ 2009ರಿಂದಲೇ ಜಾರಿಯಲ್ಲಿದೆ. ಹೀಗಾಗಿ ಹೊತ್ತು ಮೀರಿ ಹೊರಟವರು ಘಟ್ಟದ ಕೆಳಗೆ ರಾತ್ರಿಯನ್ನು ಕಳೆಯಬೇಕಾಗುತ್ತದೆ. ವಸತಿಗೃಹದ ಖರ್ಚನ್ನು ಉಳಿಸಲು, ವೃದ್ಧರಿಗೆ ಮಲಗುವ ಅನುಕೂಲವನ್ನು ಕಲ್ಪಿಸಲು ವ್ಯಾನಿನೊಳಗೇ ಹಾಸಿಗೆ, ಫ್ಯಾನು, ಪುಟ್ಟ ಫ್ರಿಜ್ಜುಗಳನ್ನು ಅಳವಡಿಸಿಕೊಳ್ಳಬೇಕೆಂಬ ಆಸೆ ಮಧ್ಯಮ ವರ್ಗದವರಲ್ಲಿಯೂ ಮೂಡುತ್ತಿದೆ. ನೆರೆಯ ಕೇರಳ ಸರಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮದ ನೀತಿಯನ್ನೇ ಪ್ರಕಟಿಸಿದ ಮೇಲೆ ಈ ಆಸೆಗೆ ಇನ್ನಷ್ಟು ಬಲ ಬಂದಿದೆ. ಹಾಸಿಗೆ ಅಳವಡಿಸುವುದು ಬಡಗಿಯ ಕೆಲಸ, ಅದು ಸುಲಭ. ವಿದ್ಯುತ್ತನ್ನು ಅಳವಡಿಸುವುದು ಬೇರೆಯೇ ಸಂಗತಿ. ಅಲ್ಲಿ ತಪ್ಪಿದರೆ ಸಂಚಾರಿ ಮನೆ ಕತ್ತಲಾಗುವುದಷ್ಟೇ ಅಲ್ಲ, ಪ್ರಾಣಕ್ಕೇ ಎರವಾಗಬಹುದು.

ವಿದ್ಯುತ್ತನ್ನು ಬಲ್ಲ ಊರು

ಗಣಪತಿಯ ಜನಕ್ಕೆ ವಿದ್ಯುತ್ತು ಹೊಸ ವಿಷಯವಲ್ಲ. ನೀಲಗಿರಿಯ ಪೈಕಾರ ಜಲವಿದ್ಯುತ್ ಯೋಜನೆ 1932ರಲ್ಲಿ ಆರಂಭವಾದ ಮೇಲೆ ಕೊಯಮತ್ತೂರಿನ ಗಿರಣಿಗಳು ಬೆಳೆದವು. ಗಿರಣಿಗಳ ಬೆನ್ನಿಗೆ ಯಂತ್ರದ ಕಾರ್ಖಾನೆಗಳು ಹುಟ್ಟಿದವು. ಭಾರತದಲ್ಲಿಯೇ ತಯಾರಾದ ಮೊದಲ ವಿದ್ಯುತ್ ಮೋಟಾರು ಎಂದು ಹೆಸರಾದ ಯಂತ್ರವನ್ನು 1937ರಲ್ಲಿ ಜಿ. ಡಿ. ನಾಯ್ಡು ಅವರು ಡಿ. ಬಾಲಸುಂದರಂ ಅವರೊಡಗೂಡಿ ಹೊರತಂದದ್ದು ಈ ನಗರದಲ್ಲಿಯೇ. ಬಾಲಸುಂದರಂ ಅವರ ಟೆಕ್ಸ್‌ಟೂಲ್ ಕಾರ್ಖಾನೆ ಗಣಪತಿಯಲ್ಲಿ ನೆಲೆಯೂರಿತು. ಆ ಹೆಸರಿನ ಬಸ್ ನಿಲ್ದಾಣ ಇಂದಿಗೂ ಸತ್ಯಿ ರಸ್ತೆಯಲ್ಲಿದೆ. ಕನ್ನಡಿಗರಿಗೆ ಇನ್ನೂ ಹಿಂದಿನ ನೆನಪೊಂದುಂಟು. ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿಯೇ ವಿದ್ಯುತ್ತು ಹರಿದಿತ್ತು.

ಮನೆಯ ಬ್ಯಾಟರಿಯಾದರೂ ಈ ಊರಿಗೆ ಚಿರಪರಿಚಿತ. 2012ರ ಸುಮಾರಿಗೆ ತಮಿಳುನಾಡಿನಲ್ಲಿ ದೀರ್ಘಾವಧಿಯ ವಿದ್ಯುತ್ ಕಡಿತವುಂಟಾದಾಗ ಗಣಪತಿಯ ಚಿಕ್ಕ ಕಾರ್ಯಾಗಾರಗಳು ಗಂಟೆಗಟ್ಟಲೆ ನಿಂತವು. ಪರೀಕ್ಷೆಗೆ ಓದುವ ಮಕ್ಕಳಿಗಾಗಿ ಅನೇಕ ಮನೆಗಳು ಇನ್ವರ್ಟರುಗಳನ್ನು ಕೊಂಡವು. ಆದರೆ ಮನೆಯ ಇನ್ವರ್ಟರಿಗೂ ವಾಹನದ ವ್ಯವಸ್ಥೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಮನೆಯಲ್ಲಿ ಬ್ಯಾಟರಿ ಎಂಬುದು ಆಪತ್ಕಾಲದ ಧನ. ವಿದ್ಯುತ್ ಮಂಡಳಿಯ ಪೂರೈಕೆ ಮರಳಿದೊಡನೆ ಅದು ತಾನಾಗಿ ತುಂಬಿಕೊಳ್ಳುತ್ತದೆ. ವಾಹನದಲ್ಲಿ ಅದೇ ಸಂಪೂರ್ಣ ಆಸ್ತಿ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಬ್ಯಾಟರಿಗೆ ಒಪ್ಪುವಷ್ಟು ಬೇರಾವುದಕ್ಕೂ ಒಪ್ಪದು.

ಐದನೆಯ ತರಗತಿಯ ಗಣಿತ ಸಾಕು

ಬ್ಯಾಟರಿಯ ಮೇಲೆ ವೋಲ್ಟ್ ಮತ್ತು ಆಂಪಿಯರ್-ಗಂಟೆ ಎಂಬ ಎರಡು ಅಂಕಿಗಳು ಮುದ್ರಿತವಾಗಿರುತ್ತವೆ. ಇವೆರಡನ್ನೂ ಗುಣಿಸಿದರೆ ಅದರಲ್ಲಿ ಅಡಗಿರುವ ಶಕ್ತಿ ವ್ಯಾಟ್-ಗಂಟೆಗಳಲ್ಲಿ ದೊರೆಯುತ್ತದೆ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯಲ್ಲಿರುವುದು 1800 ವ್ಯಾಟ್-ಗಂಟೆ. ಆದರೆ ಇದು ಪೂರ್ತಿ ಕೈಗೆ ಬರುವ ಹಣವಲ್ಲ. ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಪದೇಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಬೇಗ ಕುಗ್ಗುತ್ತದೆ. ಆದುದರಿಂದ ಜಾಣನಾದವನು 900 ವ್ಯಾಟ್-ಗಂಟೆಗಳನ್ನು ಮಾತ್ರ ತನ್ನದೆಂದು ಎಣಿಸತಕ್ಕದ್ದು.

ತಂದೆ, ತಾಯಿ, ಇಬ್ಬರು ಮಕ್ಕಳು ಮತ್ತು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜಿಯುಳ್ಳ ಕುಟುಂಬವೊಂದು ಸತ್ಯಮಂಗಲದಲ್ಲಿ ಸಂಜೆ 6ರಿಂದ ಬೆಳಗಿನ 6ರವರೆಗೆ ವ್ಯಾನಿನಲ್ಲಿ ತಂಗಿತೆಂದು ಕಲ್ಪಿಸಿಕೊಂಡರೆ ಲೆಕ್ಕ ಹೀಗಾಗುತ್ತದೆ. 5 ವ್ಯಾಟಿನ 3 ಎಲ್‌ಇಡಿ ದೀಪಗಳು 4 ಗಂಟೆ ಉರಿದರೆ 60 ವ್ಯಾಟ್-ಗಂಟೆ. 25 ವ್ಯಾಟಿನ 2 ಫ್ಯಾನುಗಳು 9 ಗಂಟೆ ತಿರುಗಿದರೆ 450. 45 ವ್ಯಾಟಿನ ಪುಟ್ಟ ಫ್ರಿಜ್ಜಿನ ಕಂಪ್ರೆಸರು ಒಟ್ಟು ಹೊತ್ತಿನ ಮೂರನೆಯ ಒಂದು ಪಾಲು ಓಡುತ್ತದೆಂದು ಹಿಡಿದರೆ 12 ಗಂಟೆಗೆ 180. ನಾಲ್ಕು ಮೊಬೈಲುಗಳಿಗೆ 60. ಕೈ ತೊಳೆಯುವ ನೀರಿನ ಪುಟ್ಟ ಪಂಪಿಗೆ 10. ಒಟ್ಟು 760. ಕೈಯಲ್ಲಿರುವ 900ರಲ್ಲಿ ಇನ್ನೂ 140 ಉಳಿಯಿತು. ಅಜ್ಜಿಯ ನಿದ್ದೆಗೂ ಭಂಗವಿಲ್ಲ, ಬ್ಯಾಟರಿಗೂ ಕೇಡಿಲ್ಲ.

ಇದೇ ಕುಟುಂಬವು ಎಲ್ಲ ಉಪಕರಣಗಳನ್ನೂ ಇನ್ವರ್ಟರಿನ ಮೂಲಕ 230 ವೋಲ್ಟಿನಲ್ಲಿ ನಡೆಸಿತೆನ್ನೋಣ. 12 ವೋಲ್ಟಿನ ನೇರ ವಿದ್ಯುತ್ತನ್ನು 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನಾಗಿ ಮಾರ್ಪಡಿಸುವಾಗ ನೂರಕ್ಕೆ ಸುಮಾರು 15ರಷ್ಟು ಶಾಖವಾಗಿ ನಷ್ಟವಾಗುತ್ತದೆಂದು ಹಿಡಿದರೆ, 760ರ ಕೆಲಸಕ್ಕೆ 894 ಖರ್ಚಾಗುತ್ತದೆ. ಅಂದರೆ ಉಳಿತಾಯ ಎಂಬುದೇ ಇಲ್ಲ. ಬೆಳಗಿನ ಕಾಫಿಗೆಂದು 1500 ವ್ಯಾಟಿನ ಎಲೆಕ್ಟ್ರಿಕ್ ಕೆಟಲನ್ನು 10 ನಿಮಿಷ ಇಟ್ಟರೆ ಇನ್ನೂ 294 ಹೊರಟುಹೋಗುತ್ತದೆ. ಮೇಲಾಗಿ ಆ 10 ನಿಮಿಷಗಳಲ್ಲಿ ಬ್ಯಾಟರಿಯಿಂದ 147 ಆಂಪಿಯರ್ ಪ್ರವಾಹವನ್ನು ಎಳೆಯಬೇಕಾಗುತ್ತದೆ. ಸಾಮಾನ್ಯ ವೈರು ಅದನ್ನು ತಾಳಲಾರದು. ವಾಹನದಲ್ಲಿ ಬಿಸಿ ಮಾಡುವ ಕೆಲಸವನ್ನು ಬ್ಯಾಟರಿಗೆ ಒಪ್ಪಿಸಬಾರದೆಂಬ ಹಿರಿಯ ಕೆಲಸಗಾರರ ಮಾತಿನ ಅರ್ಥ ಇದೇ. ಹಿಂದಿನ ರಾತ್ರಿಯೇ ಫ್ಲಾಸ್ಕಿನಲ್ಲಿ ತುಂಬಿಟ್ಟ ಬಿಸಿನೀರು ಇಲ್ಲಿ ಅತ್ಯಂತ ಅಗ್ಗದ ಬ್ಯಾಟರಿ.

ಇನ್ಸುಲಿನ್ ಬಗ್ಗೆ ಒಂದು ಮಾತು. ತೆರೆಯದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಷಿಯಸ್ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಬಳಕೆಯಲ್ಲಿರುವ ಸೀಸೆ ಸಾಧಾರಣ ಕೋಣೆಯ ಉಷ್ಣತೆಯಲ್ಲಿ ಸುಮಾರು 4 ವಾರ ಕೆಡದೆ ಇರುತ್ತದೆ. ನಿಖರವಾದ ಅವಧಿ ಅದರ ಪೊಟ್ಟಣದ ಮೇಲೆಯೇ ಇರುತ್ತದೆ. ಹಾಗಾಗಿ ಒಂದು ರಾತ್ರಿ ಫ್ರಿಜ್ಜು ನಿಂತಿತೆಂದು ಗಾಬರಿಗೊಂಡು ಘಟ್ಟದ ಕೆಳಗೆ ಔಷಧದಂಗಡಿಯನ್ನು ಹುಡುಕಬೇಕಾಗಿಲ್ಲ. ಆದರೆ ಬಿಸಿಲಿನಲ್ಲಿ ನಿಂತ, ಕಿಟಕಿ ಮುಚ್ಚಿದ ವಾಹನದೊಳಗೆ ಅದನ್ನು ಬಿಡುವುದು ಸರ್ವಥಾ ಕೂಡದು.

ಎರಡು ಬ್ಯಾಟರಿ, ಎರಡು ಕರ್ತವ್ಯ

ಮೊದಲ ಬಾರಿಗೆ ವ್ಯಾನಿನಲ್ಲಿ ಮಲಗುವವರು ಮಾಡುವ ತಪ್ಪೊಂದಿದೆ. ಎಂಜಿನ್ ಚಾಲೂ ಮಾಡುವ ಬ್ಯಾಟರಿಗೇ ಫ್ಯಾನು, ದೀಪಗಳನ್ನು ಜೋಡಿಸುವುದು. ರಾತ್ರಿಯೆಲ್ಲ ಗಾಳಿ ಬೀಸಿಕೊಂಡು ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಕ್ ಎಂಬ ಸದ್ದಲ್ಲದೆ ಬೇರೇನೂ ಕೇಳಿಸದು. ಎಂಜಿನ್ ಬ್ಯಾಟರಿಯು ಓಟಗಾರನಂತೆ. ಕೆಲವೇ ಕ್ಷಣ ನೂರಾರು ಆಂಪಿಯರ್‌ಗಳನ್ನು ಕೊಟ್ಟು ವಿಶ್ರಮಿಸುತ್ತದೆ. ಅದರ ಒಳಗಿನ ಫಲಕಗಳು ತೆಳುವು. ಟ್ಯೂಬುಲರ್ ಬ್ಯಾಟರಿಯು ಹೊರೆಯಾಳಿನಂತೆ. ಮೆಲ್ಲಗೆ, ದೀರ್ಘಕಾಲ ಹೊರಬಲ್ಲದು. ಇವೆರಡನ್ನೂ ಪ್ರತ್ಯೇಕವಾಗಿಟ್ಟು, ಎಂಜಿನ್ ಓಡುತ್ತಿರುವಾಗ ಮಾತ್ರ ಎರಡನ್ನೂ ಬೆಸೆಯುವ ರಿಲೇಯನ್ನಾಗಲಿ, ಡಿಸಿ-ಡಿಸಿ ಚಾರ್ಜರನ್ನಾಗಲಿ ನಡುವೆ ಇರಿಸಬೇಕು. ಆಗ ಒಳಗಿನ ಬ್ಯಾಟರಿ ಬರಿದಾದರೂ ವಾಹನ ಹೊರಡುತ್ತದೆ.

ಬ್ಯಾಟರಿಯ ಸ್ಥಿತಿಯನ್ನು ತಿಳಿಯಲು ಸಾಧಾರಣ ಮಲ್ಟಿಮೀಟರ್ ಸಾಕು. ಕೆಲವು ಗಂಟೆಗಳ ಕಾಲ ಚಾರ್ಜೂ ಆಗದೆ, ಹೊರೆಯೂ ಇಲ್ಲದೆ ವಿಶ್ರಮಿಸಿದ ಸೀಸದ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸಿದರೆ ತುಂಬಿದೆಯೆಂದೂ, 12.2ರ ಆಸುಪಾಸಿನಲ್ಲಿದ್ದರೆ ಅರ್ಧಕ್ಕೆ ಬಂದಿದೆಯೆಂದೂ, 11.8ಕ್ಕೆ ಇಳಿದರೆ ಬರಿದಾಗಿದೆಯೆಂದೂ ತಿಳಿಯಬಹುದು.

ಖರ್ಚಿನಂತೆ ಜಮೆಯನ್ನೂ ನೋಡಬೇಕು. 760 ವ್ಯಾಟ್-ಗಂಟೆ ಎಂದರೆ ಸುಮಾರು 63 ಆಂಪಿಯರ್-ಗಂಟೆ. ತುಂಬುವಾಗ ಆಗುವ ನಷ್ಟವನ್ನು ಸೇರಿಸಿದರೆ 75ರಷ್ಟನ್ನು ಹಿಂದಿರುಗಿಸಬೇಕು. 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಗೆ ಅದರ ಹತ್ತನೆಯ ಒಂದು ಪಾಲು, ಅಂದರೆ 15 ಆಂಪಿಯರ್, ಹಿತವಾದ ಚಾರ್ಜಿಂಗ್ ಪ್ರವಾಹ. ಆ ಲೆಕ್ಕದಲ್ಲಿ 5 ಗಂಟೆ ವಾಹನ ಓಡಬೇಕು. ಎರಡು ಗಂಟೆ ಓಡಿಸಿ ಮತ್ತೆ ರಾತ್ರಿ ತಂಗುವವರ ಬ್ಯಾಟರಿ ದಿನದಿಂದ ದಿನಕ್ಕೆ ಸಾಲಕ್ಕೆ ಬೀಳುತ್ತದೆ. ಅಲ್ಲಿ ಸೂರ್ಯನ ನೆರವು ಬೇಕು. ಚಾವಣಿಯ ಮೇಲಿನ 200 ವ್ಯಾಟಿನ ಸೌರಫಲಕಕ್ಕೆ ದಿನಕ್ಕೆ ನಾಲ್ಕೂವರೆ ಗಂಟೆಯ ಪೂರ್ಣ ಬಿಸಿಲು ಸಿಕ್ಕಿತೆಂದು ಹಿಡಿದು, ಶಾಖ, ಧೂಳು, ಚಪ್ಪಟೆಯಾಗಿ ಮಲಗಿಸಿದ ಕೋನ ಇವುಗಳಿಂದಾಗುವ ನಷ್ಟವನ್ನು ಕಳೆದರೆ ಸುಮಾರು 630 ವ್ಯಾಟ್-ಗಂಟೆ ದೊರೆಯುತ್ತದೆ. ಇಲ್ಲೊಂದು ವಿರೋಧಾಭಾಸವುಂಟು. ಪ್ರಯಾಣಿಕನು ವಾಹನವನ್ನು ಹುಣಸೆ ಮರದ ನೆರಳಿನಲ್ಲಿ ನಿಲ್ಲಿಸಬಯಸುತ್ತಾನೆ. ಫಲಕವೋ ಬಿಸಿಲನ್ನು ಬಯಸುತ್ತದೆ. ಫಲಕದ ಒಂದು ಮೂಲೆಗೆ ಕೊಂಬೆಯ ನೆರಳು ಬಿದ್ದರೂ ಉತ್ಪಾದನೆ ಬಹಳವಾಗಿ ಕುಸಿಯುತ್ತದೆ.

ಸೀಸವೋ, ಲಿಥಿಯಮ್ಮೋ?

ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ರೂಪಿಸಿದನು. ಲಿಥಿಯಂ ಅಯಾನ್ ಬ್ಯಾಟರಿಯ ಶಿಲ್ಪಿಗಳಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ವಾಹನದೊಳಗಿನ ಮನೆಗೆ ಈಗ ಹೆಚ್ಚಾಗಿ ಬಳಕೆಯಾಗುವುದು ಲಿಥಿಯಂ ಕಬ್ಬಿಣ ಫಾಸ್ಫೇಟ್ ಎಂಬ ಬಗೆ. ಲಿಥಿಯಂ ಬಗೆಗಳಲ್ಲಿ ಇದು ಹೆಚ್ಚು ಸ್ಥಿರವಾದದ್ದು. ಇದರ 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1280 ವ್ಯಾಟ್-ಗಂಟೆ ಇರುತ್ತದೆ; ಅದರಲ್ಲಿ ನೂರಕ್ಕೆ 80ರಷ್ಟನ್ನು, ಅಂದರೆ 1024ನ್ನು, ನಿರಾತಂಕವಾಗಿ ಬಳಸಬಹುದು. ತೂಕ ಸುಮಾರು 12 ಕಿಲೋ. 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯಾದರೋ 50 ಕಿಲೋ ಮೀರುತ್ತದೆ. 27 ತಿರುವುಗಳನ್ನು ಏರುವ ವಾಹನಕ್ಕೆ ಈ ವ್ಯತ್ಯಾಸ ಅಲ್ಪವೇನಲ್ಲ. ಲಿಥಿಯಂ ಬೇಗನೆ ತುಂಬಿಕೊಳ್ಳುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಆದರೆ ಕೊಳ್ಳುವಾಗಿನ ಬೆಲೆ ಹೆಚ್ಚು. ಅದಕ್ಕೆ ತಕ್ಕ ಚಾರ್ಜರ್ ಮತ್ತು ಒಳಗಿನ ರಕ್ಷಣಾ ಮಂಡಲ ಕಡ್ಡಾಯ. ಶೂನ್ಯ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು. ಕೊಯಮತ್ತೂರಿನವರಿಗೆ ಇದು ನಗೆಯ ಮಾತಾಗಿ ಕಂಡೀತು. ಆದರೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವ ಉದಕಮಂಡಲದ ಜನವರಿಯ ಮುಂಜಾವಿನಲ್ಲಿ ನೆನಪಿಡತಕ್ಕ ಮಾತು.

ವರ್ಷಕ್ಕೆ ಎರಡು ಸಲ ಊರಿಗೆ ಹೋಗುವ ಕುಟುಂಬಕ್ಕೆ ಟ್ಯೂಬುಲರ್ ಸಾಕು. ಅದನ್ನೇ ಉಳಿದ ದಿನಗಳಲ್ಲಿ ಮನೆಯ ಇನ್ವರ್ಟರಿಗೂ ಬಳಸಬಹುದು. ತಿಂಗಳಿಗೆ ಹಲವು ದಿನ ರಸ್ತೆಯಲ್ಲಿಯೇ ಇರುವವರಿಗೆ ಲಿಥಿಯಂ ದೀರ್ಘಕಾಲದಲ್ಲಿ ಅಗ್ಗವಾಗುವ ಸಂಭವವಿದೆ.

ತೆಳು ವೈರಿನ ದುಬಾರಿ ಉಳಿತಾಯ

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯದು. ಆದುದರಿಂದ ಅಪಾಯವಿಲ್ಲ ಎಂಬ ನಂಬಿಕೆ ತಪ್ಪು. ಒತ್ತಡ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಹೆಚ್ಚು ಪ್ರವಾಹ ಬೇಕಾಗುತ್ತದೆ, ಪ್ರವಾಹ ಹೆಚ್ಚಿದಷ್ಟೂ ವೈರು ಕಾಯುತ್ತದೆ. 2.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 5 ಮೀಟರ್ ದೂರದ ಉಪಕರಣಕ್ಕೆ 10 ಆಂಪಿಯರ್ ಹರಿಸಿದರೆ, ಹೋಗಿಬರುವ 10 ಮೀಟರಿನಲ್ಲಿ ಸುಮಾರು 0.7 ವೋಲ್ಟ್ ದಾರಿಯಲ್ಲಿಯೇ ಕಳೆದುಹೋಗುತ್ತದೆ. 230 ವೋಲ್ಟಿನ ಮನೆಯಲ್ಲಿ ಇದು ಲೆಕ್ಕಕ್ಕಿಲ್ಲ. 12 ವೋಲ್ಟಿನಲ್ಲಿ ಇದು ನೂರಕ್ಕೆ ಸುಮಾರು 6ರಷ್ಟು. ಫ್ರಿಜ್ಜು ಬ್ಯಾಟರಿ ತುಂಬಿರುವಾಗಲೇ ನಿಂತುಹೋಗುವುದಕ್ಕೆ ಎಷ್ಟೋ ಸಲ ಈ ತೆಳು ವೈರೇ ಕಾರಣ. 6 ಚದರ ಮಿಲಿಮೀಟರಿನ ವೈರು ಹಾಕಿದರೆ ನಷ್ಟ 0.3 ವೋಲ್ಟಿಗೆ ಇಳಿಯುತ್ತದೆ.

ಬ್ಯಾಟರಿಯ ಧನಾಗ್ರದಿಂದ ಹೊರಟ ವೈರಿಗೆ, ಆದಷ್ಟು ಬ್ಯಾಟರಿಯ ಹತ್ತಿರದಲ್ಲಿಯೇ ಫ್ಯೂಸ್ ಇರಬೇಕು. ಫ್ಯೂಸ್ ಇರುವುದು ಉಪಕರಣವನ್ನು ಕಾಯಲು ಮಾತ್ರವಲ್ಲ, ಮೊದಲು ವೈರನ್ನು ಕಾಯಲು. ತಗಡಿನ ಅಂಚಿಗೆ ಉಜ್ಜಿ ವೈರಿನ ಹೊದಿಕೆ ಹರಿದಾಗ, ಫ್ಯೂಸ್ ಇಲ್ಲದ ಬ್ಯಾಟರಿಯು ಕ್ಷಣಮಾತ್ರದಲ್ಲಿ ಬೆಂಕಿ ಹಚ್ಚಬಲ್ಲದು. ಸೀಸದ ಬ್ಯಾಟರಿ ಚಾರ್ಜಾಗುವಾಗ ಜಲಜನಕವನ್ನು ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4ರಷ್ಟಾದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಹಾಸಿಗೆಯ ಕೆಳಗೆ ಗಾಳಿಯಾಡದ ಪೆಟ್ಟಿಗೆಯಲ್ಲಿ ಅದನ್ನಿಡುವುದು ನಿಷಿದ್ಧ. ಹೊರಗಿನ ಪ್ಲಗ್ಗಿನಿಂದ ವಿದ್ಯುತ್ತು ಪಡೆಯುವಾಗ ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷಿಸಬೇಕು. ಸೋರಿಕೆಯಾದರೆ ಕಡಿತಗೊಳಿಸುವ 30 ಮಿಲಿಆಂಪಿಯರಿನ ರಕ್ಷಕ ಸ್ವಿಚ್ಚು ಇರಬೇಕು. ಲೋಹದ ಮೈಯುಳ್ಳ ವಾಹನದಲ್ಲಿ ಸೋರಿಕೆಯೆಂದರೆ ಇಡೀ ಮನೆಯೇ ಶಾಕ್ ಹೊಡೆಯುವ ವಸ್ತುವಾದಂತೆ.

ವಡಕರ ಕಲಿಸಿದ ಪಾಠ

2024ರ ಡಿಸೆಂಬರ್ ತಿಂಗಳಲ್ಲಿ ಕೇರಳದ ವಡಕರದಲ್ಲಿ ರಸ್ತೆಯ ಬದಿಗೆ ನಿಂತಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಮೃತರಾಗಿ ಕಂಡುಬಂದರು. ಅವರ ಮೈಮೇಲೆ ಗಾಯವಿರಲಿಲ್ಲ, ಬೆಂಕಿ ಹತ್ತಿರಲಿಲ್ಲ. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿದ್ದೇ ಸಾವಿಗೆ ಕಾರಣವೆಂದು ಆ ಬಳಿಕದ ತನಿಖೆಯಿಂದ ಗೊತ್ತಾಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಅದು ಕಸಿದುಕೊಳ್ಳುತ್ತದೆ. ನಿದ್ದೆಯಲ್ಲಿರುವವನಿಗೆ ಎಚ್ಚರವೇ ಆಗುವುದಿಲ್ಲ.

ಬ್ಯಾಟರಿಯ ಲೆಕ್ಕಾಚಾರವು ಕೇವಲ ಅನುಕೂಲದ ಮಾತಲ್ಲವೆಂಬುದು ಇಲ್ಲಿ ಮನದಟ್ಟಾಗುತ್ತದೆ. ಒಂದು ಟನ್ನಿನ ಏರ್ ಕಂಡಿಷನರ್ ಸುಮಾರು 1000 ವ್ಯಾಟ್ ಬೇಡುತ್ತದೆ. ಮೇಲೆ ಹೇಳಿದ ಟ್ಯೂಬುಲರ್ ಬ್ಯಾಟರಿ ಅದನ್ನು ಒಂದು ಗಂಟೆಯೂ ಹೊರಲಾರದು. ತಂಪು ಬೇಕೆಂದವರು ಜನರೇಟರನ್ನಾಗಲಿ ವಾಹನದ ಎಂಜಿನ್ನನ್ನಾಗಲಿ ಆಶ್ರಯಿಸುತ್ತಾರೆ. ಮಲಗಿರುವಾಗ ಇವೆರಡನ್ನೂ ಓಡಿಸಬಾರದು. ಒಂದು ವೇಳೆ ಹಗಲಿನಲ್ಲಿ ಜನರೇಟರ್ ಬಳಸಿದರೂ ಅದನ್ನು ವಾಹನದಿಂದ ದೂರದಲ್ಲಿ, ಹೊಗೆ ಕಿಟಕಿಗಳತ್ತ ಬಾರದಂತೆ ಇರಿಸಬೇಕು. ಒಳಗೆ ಕಾರ್ಬನ್ ಮಾನಾಕ್ಸೈಡ್ ಸೂಚಕ ಗಂಟೆಯನ್ನು ಅಳವಡಿಸಬೇಕು. ಫ್ಯಾನಿನ ಗಾಳಿಯಲ್ಲಿ ಬೆವರುತ್ತ ಎದ್ದವನು ಎದ್ದನಷ್ಟೇ, ಅದೇ ದೊಡ್ಡದು.

ಕಾನೂನು ಏನನ್ನುತ್ತದೆ

ಖಾಸಗಿ ವ್ಯಾನನ್ನು ಮನಬಂದಂತೆ ಕತ್ತರಿಸಿ ಮನೆಯನ್ನಾಗಿಸಲು ಅವಕಾಶವಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಣೆಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಮೋಟಾರು ಕ್ಯಾರವಾನುಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನಕವಿದೆ. ಆದುದರಿಂದ ಕೆಲಸಕ್ಕೆ ಕೈಹಾಕುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು ಲೇಸು. ತಿಳಿಸದೆ ಮಾಡಿದ ವೈರಿಂಗಿನಿಂದ ಬೆಂಕಿಯುಂಟಾದರೆ ಪರಿಹಾರದ ಹಕ್ಕಿಗೇ ತೊಡಕು ಬರಬಹುದು. ಬ್ಯಾಟರಿ ಕೊಂಡಾಗ ರಸೀದಿಯನ್ನೂ, ದಿನಾಂಕ ಮತ್ತು ಮೊಹರು ಹಾಕಿಸಿದ ವಾರಂಟಿ ಚೀಟಿಯನ್ನೂ ಕಾಪಾಡಿಕೊಳ್ಳಬೇಕು. ಗ್ರಾಹಕರ ಆಯೋಗದ ಮುಂದೆ ಮಾತಿಗಿಂತ ಕಾಗದಕ್ಕೆ ಬೆಲೆ ಹೆಚ್ಚು. ಹಳೆಯ ಬ್ಯಾಟರಿಯನ್ನು ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಳ್ಳುವುದೂ ಸರಿಯಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅದು ಅಧಿಕೃತ ಸಂಗ್ರಾಹಕರಿಗೋ ಪುನರ್ಬಳಕೆದಾರರಿಗೋ ಸೇರತಕ್ಕದ್ದು. ಬೀದಿಯಲ್ಲಿ ಒಡೆದ ಬ್ಯಾಟರಿಯ ಸೀಸವು ಮಣ್ಣಿಗೆ, ಮಣ್ಣಿನಿಂದ ಆಡುವ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಸೇರುತ್ತದೆ. ಬೆಳೆಯುವ ಮಿದುಳಿಗೆ ಅದು ವಿಷ.

ಲೆಕ್ಕ ಬರೆಯುವ ಮಗು

ಈ ಎಲ್ಲ ಜವಾಬ್ದಾರಿಯನ್ನು ತಂದೆಯೊಬ್ಬನೇ ಹೊರಬೇಕಾಗಿಲ್ಲ. ಪ್ರಯಾಣಕ್ಕೆ ಹೊರಡುವ ಮುನ್ನ ಶಾಲೆಗೆ ಹೋಗುವ ಮಗುವಿನ ಕೈಗೆ ಒಂದು ನೋಟ್‌ಪುಸ್ತಕ ಕೊಟ್ಟು, ಎಡಗಡೆ ಜಮೆ, ಬಲಗಡೆ ಖರ್ಚು ಎಂದು ಗೆರೆ ಎಳೆಸಬಹುದು. ಸಂಜೆಯ ವೋಲ್ಟ್ ಎಷ್ಟು, ಬೆಳಗಿನ ವೋಲ್ಟ್ ಎಷ್ಟು, ಫ್ಯಾನು ಎಷ್ಟು ಗಂಟೆ ತಿರುಗಿತು, ಬಿಸಿಲು ಎಷ್ಟು ಹೊತ್ತು ಬಿತ್ತು ಎಂದು ಅದು ಬರೆದಿಟ್ಟರೆ, ಪಾಠಪುಸ್ತಕದ ವ್ಯಾಟ್, ವೋಲ್ಟ್, ಆಂಪಿಯರ್‌ಗಳು ಪರೀಕ್ಷೆಯ ಪದಗಳಾಗಿ ಉಳಿಯದೆ ಅಜ್ಜಿಯ ಫ್ಯಾನಿನ ಗಾಳಿಯಾಗಿ ಅರ್ಥವಾಗುತ್ತವೆ. ಆ ವಿಜ್ಞಾನವನ್ನು ಕನ್ನಡದಲ್ಲಿಯೇ ಲೆಕ್ಕ ಹಾಕಬಹುದೆಂಬ ಧೈರ್ಯವೂ ಜೊತೆಗೆ ಮೂಡುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಹಣದ ಮಾತಿಗೆ. ಬಣ್ಣಾರಿಯ ತಪಾಸಣಾ ಠಾಣೆಯ ಬಾಗಿಲು ತೆರೆಯಲೆಂದು ಘಟ್ಟದ ಕೆಳಗೆ ಬೆಳಗಿಗಾಗಿ ಕಾಯುವ ಕುಟುಂಬಕ್ಕೆ ಅದು ಬ್ಯಾಟರಿಯ ಮಾತೂ ಹೌದು. ಲೆಕ್ಕವಿಟ್ಟು ಖರ್ಚು ಮಾಡಿದವರ ವಾಹನವು ಮುಂಜಾನೆ ಮೊದಲ ಕೀಲಿಗೇ ಚಾಲೂ ಆಗಿ ದಿಂಬಂನ ಮೊದಲ ತಿರುವನ್ನು ಏರುತ್ತದೆ.